ಸೊನ್ನೆಯಾದ ಸದ್ದು

ಕಿವಿ ವಾಪಸ್ ಬಂದಾಗ ನನಗೆ ಮೊದಲು ಕೇಳಿಸಿದ್ದು ನನ್ನ ಗಂಡ ರೊಟ್ಟಿ ಅಗಿಯುವ ಸದ್ದು. ಖಡಕ್ ರೊಟ್ಟಿ, ಶೇಂಗಾ ಚಟ್ನಿ. ಇಷ್ಟು ವರ್ಷ ಈ ಮನುಷ್ಯ ಇಷ್ಟು ಗದ್ದಲ ಮಾಡಿಕೊಂಡು ಉಣ್ಣುತ್ತಿದ್ದನೇ ಎಂದು ನಗು ಬಂತು. ಆ ನಗುವೂ ಕೇಳಿಸಿತು. ಅದು ನನ್ನದೇ ಎಂದು ತಿಳಿಯಲು ಸ್ವಲ್ಪ ಹೊತ್ತು ಹಿಡಿಯಿತು.

“ಯಾಕ ನಗಾಕತ್ತೀ?” ಎಂದ ಚಿದಾನಂದ.

“ಎಮ್ಮಿ ಕಣಿಕಿ ಮೇದಂಗ ಕೇಳಸ್ತೈತಿ, ಮಾಮಾ.”

ಅವನು ಕೈಯಲ್ಲಿದ್ದ ತುತ್ತು ಬಿಟ್ಟು ಅತ್ತ. ಅದನ್ನೂ ಕೇಳಿದೆ.

ಚಿದಾನಂದ ನನ್ನ ಅವ್ವನ ಕಿರಿಯ ತಮ್ಮ. ನಮ್ಮ ಕಡೆ ಸೋದರಮಾವನಿಗೆ ಕೊಡುವುದು ರೂಢಿ; ಮದುವೆಯಾದ ಮೇಲೂ ‘ಮಾಮಾ’ ಎನ್ನುವುದು ಬಿಟ್ಟುಹೋಗಲಿಲ್ಲ. ಅವನು ಡಿಪ್ಲೊಮಾ ಓದಿ ನೇಕಾರರ ಶ್ರವಣ ನಿಧಿಯ ಕಚೇರಿಯಲ್ಲಿ ಕಂಪ್ಯೂಟರ್ ನೋಡಿಕೊಳ್ಳುತ್ತಿದ್ದ. ಮಗ್ಗದ ಶೆಡ್ಡಿನಲ್ಲಿ ಒಂದು ದಿನವೂ ನಿಂತವನಲ್ಲ. ನಾನು ಹುಡುಗಿಯಾಗಿದ್ದಾಗಲೇ ಪವರ್‌ಲೂಮಿಗೆ ಸೇರಿ, ಮೂವತ್ತು ತುಂಬುವುದರೊಳಗೆ ಮುಕ್ಕಾಲು ಕಿವುಡಿಯಾದವಳು.

ಹೊನ್ನಹಟ್ಟಿಯಲ್ಲಿ ಇದಕ್ಕೆ ಯಾರೂ ಗಾಬರಿಯಾಗುತ್ತಿರಲಿಲ್ಲ. ನಾಲ್ಕೂ ದಿಕ್ಕಿಗೆ ತಗಡಿನ ಶೆಡ್ಡುಗಳು, ಒಳಗೆ ಹಗಲಿಡೀ ಲಾಳಿ ಬಡಿಯುವ ಮಗ್ಗಗಳು. ತಲೆ ನರೆಯುವ ಹಾಗೆ ಕಿವಿ ಹೋಗುತ್ತಿತ್ತು. ನಿಧಿ ಬಂದ ಮೇಲೆ ಮಾತ್ರ ಕಿವುಡುತನಕ್ಕೊಂದು ಲೆಕ್ಕ ಬಂತು. ಪ್ರತಿ ನೇಕಾರರ ಕಿವಿಗೂ ಒಂದು ‘ಮುತ್ತು’ ಕೊಟ್ಟರು. ನೋಡಲು ಮುತ್ತಿನ ಓಲೆ, ಒಳಗೆ ಸಾಸಿವೆಯಷ್ಟು ಮೈಕು. ಗಂಡಸರೂ ಬೈದುಕೊಳ್ಳುತ್ತ ಕಿವಿ ಚುಚ್ಚಿಸಿಕೊಂಡರು. ಕಿವಿಯ ಮೇಲೆ ಬಿದ್ದ ಸದ್ದನ್ನೆಲ್ಲ ಮುತ್ತು ಅಳೆದು ವಾರಕ್ಕೊಮ್ಮೆ ನಿಧಿಯ ಕಂಪ್ಯೂಟರಿಗೆ ಕಳಿಸುತ್ತದೆ. ಅಲ್ಲಿ ಒಬ್ಬೊಬ್ಬರ ವರ್ಷದ ‘ಭಾರ’ ಕೂಡುತ್ತದೆ. ಯಾರ ಭಾರ ಹೆಚ್ಚೋ ಅವರಿಗೆ ಮೊದಲು ಸೂಜಿ.

ಒಳಗಿವಿಯಲ್ಲಿ ಸದ್ದಿಗೆ ಅಲುಗುವ ಸಣ್ಣ ರೋಮಗಳಿವೆ, ಮಗ್ಗದ ಮೇಲಿನ ಹಾಸಿನ ಎಳೆಗಳ ಹಾಗೆ. ಗದ್ದಲ ಅವನ್ನು ಮುರಿಯುತ್ತದೆ. ಬುಡ ಉಳಿದಿದ್ದರೆ ಸೂಜಿಯ ಮದ್ದಿನಿಂದ ಮತ್ತೆ ಚಿಗುರುತ್ತವೆ. ಬುಡವೂ ಸತ್ತರೆ ಚಿಗುರಲು ಏನೂ ಇರುವುದಿಲ್ಲ. ಮದ್ದು ವರ್ಷಕ್ಕೆ ಕೆಲವೇ ಬಾಟಲಿ ಬರುತ್ತದೆ. ದಸರೆ ಕಳೆದ ಮೇಲೆ ಪಟ್ಟಿ ಅಂಟಿಸುತ್ತಾರೆ, ಮೇಲಿನ ಹೆಸರುಗಳ ಕೆಳಗೆ ಒಂದು ಗೆರೆ. ಗೆರೆಯ ಮೇಲಿದ್ದವರಿಗೆ ಆ ವರ್ಷ ಸೂಜಿ. ಉಳಿದವರಿಗೆ ಮುಂದಿನ ವರ್ಷ, ಬುಡ ಉಳಿದಿದ್ದರೆ.

ಮೂರು ವರ್ಷದ ಹಿಂದೆ, ಮೊದಲ ಪಟ್ಟಿಯಲ್ಲೇ, ಗೆರೆಯ ಮೇಲೆ ನನ್ನ ಹೆಸರು ಬಂತು. ಮಹಾನಂದಾಳದ್ದು ಬರಲಿಲ್ಲ.

ಮಹಾನಂದಾ ನನ್ನ ಎದುರು ಮಗ್ಗದವಳು. ಎರಡು ಗೋಡೆ ಕೂಡುವ ಮೂಲೆಯಲ್ಲಿ ಅವಳ ಮಗ್ಗಗಳು, ಮೇಲೆ ತಗಡು. ಶೆಡ್ಡಿನ ಗದ್ದಲವೆಲ್ಲ ಅಲ್ಲಿಗೆ ಬಂದು ಬೀಳುತ್ತಿತ್ತು. ನಾನು ಹೊಸದಾಗಿ ಬಂದಾಗ ಅವಳೇ ನನಗೆ ಕೈಮಾತು ಕಲಿಸಿದ್ದು. ಮಗ್ಗದ ನಡುವೆ ಬಾಯಿಗೆ ಕೆಲಸವಿಲ್ಲ. ನಾವು ತುಟಿ ನೋಡುತ್ತೇವೆ, ಕೈ ಆಡಿಸುತ್ತೇವೆ. ಕಿವಿ ಹಾಲೆ ಮುಟ್ಟಿದರೆ ಮುತ್ತು, ಹೆಗಲ ಮೇಲೆ ಟವೆಲ್ ಹಾಕಿದಂತೆ ಮಾಡಿದರೆ ಗಂಡ, ಗಾಳಿಯಲ್ಲಿ ಗೆರೆ ಎಳೆದರೆ ಪಟ್ಟಿ. ಬೇರೆಯವರ ಹಾಸಿನಿಂದ ಎಳೆ ಕಿತ್ತಂತೆ ಬೆರಳು ಬಾಗಿಸಿದರೆ ಕಳ್ಳತನ. ನನ್ನ ಡಬ್ಬಿಯ ಬದನೆಕಾಯಿ ಕಾಣೆಯಾದ ದಿನವೆಲ್ಲ ಅವಳತ್ತ ಆ ಬೆರಳು ಬಾಗಿಸುತ್ತಿದ್ದೆ. ಅವಳು ಹೊಟ್ಟೆ ಸವರಿಕೊಂಡು ತೋರಿಸುತ್ತಿದ್ದಳು.

ಪಟ್ಟಿ ನೋಡಿ ನಾನು ಮಾಮಾನನ್ನು ಕೇಳಿದ್ದೆ, ಮೂಲೆಯವಳನ್ನು ಬಿಟ್ಟು ನಾನು ಹೇಗೆ ಎಂದು.

“ಮಷೀನು ಹೇಳಿದ್ದದು. ಮಷೀನಿಗೆ ಯಾರೂ ಹೇಂತಿ ಅಲ್ಲ,” ಎಂದಿದ್ದ.

ಮಹಾನಂದಾ ಜಗಳ ತೆಗೆಯಲಿಲ್ಲ. “ಹೋಗಿ ಬಾ. ಬಂದು ನನ್ನ ದನಿ ಹೆಂಗೈತಿ ಹೇಳು. ನನಗ ಮರತ ಹೋಗೇತಿ,” ಎಂದು ಕೈಯಲ್ಲಿ ಹೇಳಿದಳು. ಸೂಜಿಯ ನಂತರ ಅವಳ ಮನೆಗೆ ಹೋಗಿ, “ಹರಕ ತಗಡ ಬಡದಂಗೈತಿ,” ಎಂದು ತುಟಿ ಅಲುಗಿಸಿ ಹೇಳಿದೆ. ಅವಳು ನಕ್ಕ ಸದ್ದೂ ಹಾಗೆಯೇ ಇತ್ತು.

ಸೂಜಿಯಾದವರು ಮತ್ತೆ ಶೆಡ್ಡಿಗೆ ಹೋಗುವಂತಿಲ್ಲ. ನನಗೆ ನಿಧಿಯ ಕಚೇರಿಯಲ್ಲೇ ಕೆಲಸ ಕೊಟ್ಟರು, ಮಾಮಾನ ಕೈಕೆಳಗೆ. ಅಲ್ಲಿದ್ದದ್ದು ಹಳೆಯ ಡೆಸ್ಕ್‌ಟಾಪು, ಅದಕ್ಕಿಂತ ಹಳೆಯ ಡೇಟಾಬೇಸು. ಊರಿನ ಅರ್ಧ ಮಗ್ಗಗಳು ಅಜ್ಜಂದಿರ ಕಾಲದವು, ಕಂಪ್ಯೂಟರೂ ಹಾಗೆಯೇ. ನಡೆಯುವವರೆಗೆ ಯಾರೂ ಬದಲಿಸುವುದಿಲ್ಲ. ಅಂಕಿಗಳನ್ನು ಕೋಷ್ಟಕದಿಂದ ಹೆಕ್ಕಿ ಕೂಡಿಸಲು ಕಂಪ್ಯೂಟರಿಗೆ ಹಾಕುವ ಪ್ರಶ್ನೆಗೆ ಕ್ವೆರಿ ಎನ್ನುತ್ತಾರೆ. ಕ್ವೆರಿ ಬರೆಯುವುದನ್ನು ಮಾಮಾನೇ ಕಲಿಸಿದ. ಒಳ್ಳೆಯ ಮೇಷ್ಟ್ರು. ತಪ್ಪು ಕ್ವೆರಿಯನ್ನು ಅಳಿಸಬೇಡ, ತಿದ್ದಿದ್ದಕ್ಕೆ ಅದೇ ಹೆಸರಿಟ್ಟು ಮುಂದೆ ‘ಸರಿ’ ಎಂದು ಸೇರಿಸಿ ಉಳಿಸು ಎನ್ನುತ್ತಿದ್ದ. ಹಾಗೆಯೇ ಮಾಡುತ್ತಿದ್ದೆ.

ಮಹಾನವಮಿಯ ಕಥೆಯನ್ನೂ ಅವನೇ ಹೇಳಿದ್ದ. ವರ್ಷದಲ್ಲಿ ಅದೊಂದು ವಾರ ಊರಿನ ಮಗ್ಗಗಳೆಲ್ಲ ನಿಲ್ಲುತ್ತವೆ. ಮಗ್ಗ, ಲಾಳಿ, ಕತ್ತರಿಗೆ ವಿಭೂತಿ ಹಚ್ಚಿ ಚೆಂಡುಹೂ ಇಡುತ್ತೇವೆ. ಮುತ್ತು ಬಂದ ಮೊದಲ ವರ್ಷವೇ ಜನ ಅದನ್ನೂ ಕಿವಿಯಿಂದ ತೆಗೆದು ಮಗ್ಗದ ಮೇಲೆ ಪೂಜೆಗಿಟ್ಟರು. ದುಡಿಯುವುದೆಲ್ಲ ಆಯುಧವೇ, ಬನ್ನಿ ಹಂಚುವವರೆಗೂ ಮುಟ್ಟುವುದಿಲ್ಲ. ಮುತ್ತು ಮಾಡಿದವರು ಇದನ್ನು ಎಣಿಸಿರಲಿಲ್ಲ. ವಾರದ ಭಾರವೆಂದರೆ, ಬಿದ್ದ ಸದ್ದನ್ನು ಮುತ್ತು ತೊಟ್ಟ ಗಂಟೆಗಳಿಂದ ಭಾಗಿಸಬೇಕು. ಆ ವಾರ ಸದ್ದೂ ಸೊನ್ನೆ, ಗಂಟೆಯೂ ಸೊನ್ನೆ. ಸೊನ್ನೆಯನ್ನು ಸೊನ್ನೆಯಿಂದ ಭಾಗಿಸಲು ಹೋಗಿ ಕಂಪ್ಯೂಟರು ‘ನ್ಯೂಮರಿಕ್ ಓವರ್‌ಫ್ಲೋ’ ಎಂದು ಬರೆದು ನಿಂತುಬಿಡುತ್ತಿತ್ತು. ಪಟ್ಟಿಯೇ ಹೊರಬರುತ್ತಿರಲಿಲ್ಲ.

“ಜನ ಬಂದು ಕಚೇರಿ ಮುಂದ ಕೂತಿದ್ರು. ನಾ ಒಂದ್ ಸಾಲು ಬರದೆ. ಎಲ್ಲಿ ಲೆಕ್ಕ ತಪ್ಪತೈತೋ ಅಲ್ಲಿ ಸೊನ್ನಿ ಇಟ್ಟು ಮುಂದ ಹೋಗು, ಅಂತ. ಮಗ್ಗ ನಿಂತ ವಾರಕ್ಕ ಸೊನ್ನೀನ ಸರಿಯಾದ ಉತ್ತರ. ಹೌದಿಲ್ಲೋ?”

ಹೌದು. ನನಗೂ ಹೌದೆನಿಸಿತ್ತು.

*

ಈ ವರ್ಷ ನಿಧಿಗೆ ಹೊಸ ಡಾಕ್ಟರು ಬಂದರು, ವೈಜಯಂತಿ ಎಂದು. ವರ್ಷದ ಒಟ್ಟು ಮೊತ್ತ ನೋಡಿ ಕಿವಿ ನಿರ್ಣಯಿಸಲು ಆಗುವುದಿಲ್ಲ, ಒಬ್ಬೊಬ್ಬರದು ವಾರವಾರವೂ ಬೇಕು ಎಂದರು. ಮಾಮಾ ತರಬೇತಿಗೆಂದು ಬೆಳಗಾವಿಗೆ ಹೋಗಿದ್ದ. ನಾನೇ ಹೊಸ ಕ್ವೆರಿ ಬರೆದೆ. ಒತ್ತಿದೆ. ಪರದೆಯ ಮೇಲೆ ಬಂತು: ನ್ಯೂಮರಿಕ್ ಓವರ್‌ಫ್ಲೋ.

ಮಹಾನವಮಿಯ ವಾರವೇ ಇರಬೇಕೆಂದು ಅದನ್ನು ಬಿಟ್ಟು ಮತ್ತೆ ಒತ್ತಿದೆ. ಅದೇ ಉತ್ತರ. ಮುತ್ತು ತೊಡದ ವಾರಗಳನ್ನೆಲ್ಲ ಬಿಟ್ಟೆ. ಅದೇ.

ಹಾಸಿನಲ್ಲಿ ಎಲ್ಲೋ ಒಂದು ಎಳೆ ಕಡಿದರೆ ನಾವು ಅಂಚಿನಿಂದ ಎಣಿಸುತ್ತ ಕೂರುವುದಿಲ್ಲ. ಹಾಸನ್ನು ಎರಡು ಪಾಲು ಮಾಡಿ, ಸಡಿಲಿದ್ದ ಪಾಲನ್ನು ಮತ್ತೆ ಎರಡು ಮಾಡುತ್ತ ಹೋಗುತ್ತೇವೆ. ಹಾಗೆಯೇ ಮಾಡಿದೆ. ಊರಿನ ಅರ್ಧ ಹೆಸರು ಬಿಟ್ಟು ಒತ್ತಿದರೂ ಪಟ್ಟಿ ಬರಲಿಲ್ಲ. ಉಳಿದರ್ಧಕ್ಕೂ ಬರಲಿಲ್ಲ. ಒಂದು ಪಾಲನ್ನು ಹಿಡಿದು ಮತ್ತೆ ಅರ್ಧ, ಮತ್ತೆ ಅರ್ಧ. ಕೊನೆಗೆ ಪರದೆಯ ಮೇಲೆ ಒಂದೇ ಹೆಸರು ಉಳಿಯಿತು: ಮಹಾನಂದಾ ಬಸಪ್ಪ ಗೊಳಸಂಗಿ.

ಅವಳ ಒಂದೊಂದೇ ವಾರವನ್ನು ಕೇಳಿದೆ. ಜ್ವರ ಬಂದು ಮನೆಯಲ್ಲಿ ಮಲಗಿದ ವಾರಕ್ಕೆ ಅಂಕಿ ಬಂತು. ತಂಗಿಯ ಮದುವೆಗೆ ಹೋದ ವಾರಕ್ಕೂ ಬಂತು. ಮಗ್ಗದ ಮುಂದೆ ನಿಂತ ವಾರಗಳಿಗೆಲ್ಲ ಓವರ್‌ಫ್ಲೋ.

ಆಗ ಕೋಷ್ಟಕದ ವಿನ್ಯಾಸ ತೆರೆದು ನೋಡಿದೆ. ಡೇಟಾಬೇಸು ಕಟ್ಟಿದವರು ಜಾಗ ಉಳಿಸಲು ಭಾರದ ಅಂಕಣವನ್ನು ಚಿಕ್ಕ ಪೂರ್ಣಾಂಕಕ್ಕೆ ಅಳತೆ ಮಾಡಿ ಇಟ್ಟಿದ್ದರು. ಅದರಲ್ಲಿ ಹಿಡಿಸುವ ಅತಿ ದೊಡ್ಡ ಸಂಖ್ಯೆ ಮೂವತ್ತೆರಡು ಸಾವಿರದ ಏಳುನೂರ ಅರವತ್ತೇಳು. ಬೇರೆ ಯಾವ ಕೆಲಸಕ್ಕಾದರೂ ಸಾಕು. ಸದ್ದಿನ ಲೆಕ್ಕ ಹಾಗಿಲ್ಲ. ಹತ್ತು ಡೆಸಿಬೆಲ್ ಏರಿದರೆ ಸದ್ದಿನ ಶಕ್ತಿ ಹತ್ತು ಪಟ್ಟು. ಬಾಗಿಲ ಬಳಿಯ ಮಗ್ಗಕ್ಕೂ ಮೂಲೆಯ ಮಗ್ಗಕ್ಕೂ ಕಿವಿಗೆ ಇಷ್ಟೇ ವ್ಯತ್ಯಾಸ. ಅಂಕಿ ಮಾತ್ರ ಉಕ್ಕಿ ಅಂಕಣದ ಹೊರಗೆ ಹೋಗುತ್ತದೆ. ತೀರಾ ಕಡಿಮೆಯಿದ್ದವರಿಗೂ ತೀರಾ ಹೆಚ್ಚಿದ್ದವರಿಗೂ ಕಂಪ್ಯೂಟರಿನ ಬೈಗುಳ ಒಂದೇ. ಮಾಮಾ ಬರೆದ ಸಾಲಿಗೆ ಇಬ್ಬರೂ ಒಂದೇ. ಮಗ್ಗ ನಿಂತ ವಾರಕ್ಕೂ ಸೊನ್ನೆ, ಮಗ್ಗ ಕಿವಿ ಹರಿದ ವಾರಕ್ಕೂ ಸೊನ್ನೆ. ಮಹಾನಂದಾಳ ವರ್ಷದ ಭಾರವೆಂದು ಪಟ್ಟಿಗೆ ಹೋದದ್ದು ಅವಳ ಜ್ವರ ಮತ್ತು ತಂಗಿಯ ಮದುವೆ.

ಅಂಕಣದ ಅಳತೆ ದೊಡ್ಡದು ಮಾಡಲು ಹೆಚ್ಚು ಹೊತ್ತು ಹಿಡಿಯಲಿಲ್ಲ. ಕ್ವೆರಿಯಲ್ಲೇ ಅಂಕಿಯನ್ನು ಡಬಲ್ ಮಾಡಿ, ಅಂದರೆ ದೊಡ್ಡ ಸಂಖ್ಯೆ ಹಿಡಿಸುವ ಬಗೆಗೆ ಬದಲಿಸಿ, ಭಾಗಿಸು ಎಂದು ಬರೆದೆ. ಪಟ್ಟಿ ಸಲೀಸಾಗಿ ಬಂತು. ಎಲ್ಲಕ್ಕಿಂತ ಮೇಲೆ ಮಹಾನಂದಾ. ಆಮೇಲೆ ಬೇರೆ ಶೆಡ್ಡುಗಳ ಮೂಲೆಯವರು, ಅವಳ ಹಾಗೆಯೇ ಸೊನ್ನೆಯಾಗಿದ್ದವರು, ಎಲ್ಲರೂ ನನಗೆ ಮುಖ ಗೊತ್ತಿದ್ದವರು.

ಖುಷಿಯೇ ಆಯಿತು. ತಪ್ಪು ಹಿಡಿದೆ, ಮಾಮಾ ಬಂದ ಮೇಲೆ ತೋರಿಸಬೇಕು ಎಂದುಕೊಂಡೆ. ಉಳಿಸಲು ಅವನು ಕಲಿಸಿದ ಹಾಗೆಯೇ ಹೆಸರು ಹೊಡೆದೆ: ‘ಭಾರ ಸರಿ’.

ಈ ಹೆಸರಿನ ಕ್ವೆರಿ ಈಗಾಗಲೇ ಇದೆ, ಅದರ ಮೇಲೆ ಬರೆಯಲೇ ಎಂದು ಕಂಪ್ಯೂಟರು ಕೇಳಿತು.

ಬೇಡ ಎಂದೊತ್ತಿ ಹುಡುಕಿದೆ. ಉಳಿದ ಕ್ವೆರಿಗಳ ಸಾಲಿನಲ್ಲಿ ಕಾಣದಂತೆ ಮರೆಮಾಡಿ ಇಟ್ಟಿದ್ದ ಕ್ವೆರಿ ಅದು. ತೆರೆದೆ. ನಾನು ಆಗಷ್ಟೇ ಬರೆದದ್ದೇ ಅಲ್ಲಿತ್ತು. ಅದೇ ಭಾಗಾಕಾರ, ಅದೇ ಡಬಲ್. ಕೊನೆಯ ಬಾರಿ ಉಳಿಸಿದ ದಿನಾಂಕ ನನಗೆ ಸೂಜಿ ಹಾಕಿದ್ದಕ್ಕಿಂತ ಹಿಂದಿನದು.

ಆ ವರ್ಷದ ಅಂಕಿಗಳನ್ನು ಅದಕ್ಕೆ ಕೊಟ್ಟು ಒತ್ತಿದೆ. ಮೇಲೆ ಮಹಾನಂದಾ. ನನ್ನ ಹೆಸರಿಗಾಗಿ ಕೆಳಗೆ ಇಳಿಯುತ್ತ ಹೋದೆ. ಗೆರೆ ಬಂತು. ಗೆರೆ ದಾಟಿತು. ಇನ್ನೂ ಇಳಿಯಬೇಕಾಯಿತು.

*

ಮರುದಿನ ಮಹಾನಂದಾಳನ್ನು ಕರೆಸಿದೆ. ವಾರವಾರದ ವರದಿ ನೋಡಿ ಡಾಕ್ಟರೇ ಪರೀಕ್ಷೆ ಹೇಳಿದ್ದಾರೆ ಎಂದೆ, ಅದು ನಿಜವೂ ಆಗಿತ್ತು. ಕೂದಲಲ್ಲಿ ಹತ್ತಿಯ ಅರಳೆ ಸಿಕ್ಕಿಸಿಕೊಂಡೇ ಬಂದಳು. ಸದ್ದಿಲ್ಲದ ಕೋಣೆಯಲ್ಲಿ ಅವಳನ್ನು ಕೂರಿಸಿ ಕಿವಿಗೆ ಸಲಕರಣೆ ಹಾಕಿದರು.

“ಕರೆಂಟ್ ಮಾತ್ರ ತಗೀಬ್ಯಾಡ್ರಿ ಡಾಕ್ಟರ,” ಎಂದಳು, ತನ್ನ ಜೋರು ದನಿಯಲ್ಲಿ. “ದೀಪ ಇರೂತನಕ ಎಲ್ಲಾರ ತುಟಿ ನೋಡಿ ಮಾತಾಡ್ತೀನಿ. ಕರೆಂಟ್ ಹೋತಂದ್ರ ನಾ ಕಿವುಡಿ.”

ವೈಜಯಂತಿ ನಕ್ಕರು. ಆಮೇಲೆ ಪರದೆ ನೋಡಿ ನಗುವುದು ನಿಲ್ಲಿಸಿದರು. ಕೇಳುವಿಕೆ ತೋರಿಸುವ ಗೆರೆ ನೆಲಕ್ಕೆ ಮಲಗಿತ್ತು. ಎರಡೂ ಕಿವಿಗೆ.

ನನ್ನನ್ನು ಹೊರಗೆ ಕರೆದು ಹೇಳಿದರು. “ಬುಡ ಉಳಿದಿಲ್ಲ. ಈಗ ಮದ್ದು ಕೊಟ್ಟರೂ ನೀರು ಕೊಟ್ಟ ಹಾಗೆ. ಇಷ್ಟು ಭಾರ ಇದ್ದವರನ್ನ ಇಷ್ಟು ವರ್ಷ ಯಾಕೆ ಕಳಿಸಲಿಲ್ಲ?”

“ಮೂರು ವರ್ಷದ ಹಿಂದಾದ್ರ?”

“ಆಗ ಹಾಕಿದ್ದಿದ್ರೆ ಬರ್ತಿತ್ತು. ಯಾಕೆ?”

ಒಳಗೆ ಮಹಾನಂದಾ ಗಾಜಿನ ಹಿಂದಿನಿಂದ ನನ್ನ ತುಟಿಯನ್ನೇ ನೋಡುತ್ತಿದ್ದಳು. ನಾನು ಬೆನ್ನು ತಿರುಗಿಸಿ ನಿಂತು, ಲೆಕ್ಕ ತಪ್ಪಿತ್ತು ಎಂದಷ್ಟೇ ಉತ್ತರ ಕೊಟ್ಟೆ. ಅವಳಿಗೆ ಬೆನ್ನು ಮಾಡಿ ಮಾತಾಡಿದ್ದು ಅದೇ ಮೊದಲು.

ಬುಡದ ವಿಷಯವನ್ನು ಡಾಕ್ಟರೇ ಅವಳಿಗೆ ನಿಧಾನವಾಗಿ, ತುಟಿ ಬಿಡಿಸಿ ಹೇಳಿದರು. ಅವಳು ತಲೆಯಾಡಿಸಿ, “ಹೋಗ್ಲಿ ಬಿಡ್ರಿ, ನಸೀಬ,” ಎಂದು ಶೆಡ್ಡಿಗೆ ನಡೆದಳು. ಅರ್ಧ ದಿನದ ಕೂಲಿ ಹೋಗುತ್ತದೆ ಎಂಬ ಅವಸರ ಅವಳಿಗೆ.

*

ಸಂಜೆ ಮಾಮಾ ಬೆಳಗಾವಿಯಿಂದ ಕುಂದಾ ತಂದಿದ್ದ. ಕೈಕಾಲು ತೊಳೆದು ಊಟಕ್ಕೆ ಕೂತ. ನಾನು ಬಡಿಸಲಿಲ್ಲ. ಅವನೇ ರೊಟ್ಟಿ ಹಾಕಿಕೊಂಡು ಮುರಿದ. ಅಗಿಯತೊಡಗಿದ. ಆ ಸದ್ದು.

“‘ಭಾರ ಸರಿ’ ಸಿಕ್ತು, ಮಾಮಾ.”

ಅಗಿಯುವುದು ನಿಂತಿತು. “ಯಾರ್ ಹೇಳಿದ್ರು?”

“ಮಷೀನು.”

ಅವನು ನೀರು ಕುಡಿದ. ಸುಳ್ಳು ಹೇಳುತ್ತಾನೆಂದುಕೊಂಡಿದ್ದೆ, ಹೇಳಲಿಲ್ಲ. ಹೇಳಿದ್ದರೆ ಜಗಳವಾದರೂ ಆಡಬಹುದಿತ್ತು.

“ಆ ಸಾಲು ಬರದಾಗ ನನಗ ಖರೇನ ಗೊತ್ತಿರಲಿಲ್ಲ, ದಾಕ್ಷಿ. ನಿನ್ನಾಣಿ. ಮಾನೌಮಿ ವಾರದ ಸಲುವಾಗಿ ಬರದೆ. ಪಟ್ಟಿ ಬಂದಮ್ಯಾಲ ನೋಡಿದ್ರ ಮಹಾನಂದಾ ತಳಕ್ಕ ಬಿದ್ದಾಳ. ಎಲ್ಲೋ ಎಡವೇತಿ ಅನಿಸ್ತು. ಡಬಲ್ ಮಾಡಿ ನೋಡಿದೆ. ಎರಡ್ ಪಟ್ಟಿ ಮುಂದಿದ್ದೂ. ಒಂದರಾಗ ನೀ ಇದ್ದಿ.”

“ಇನ್ನೊಂದರಾಗ?”

ಅವನು ರೊಟ್ಟಿಯ ಚೂರನ್ನು ಚಟ್ನಿಗೆ ಒತ್ತಿದ.

“ಇನ್ನೊಂದರಾಗ ಆಕಿ ಇದ್ಲಲ್ಲ.”

“ನಾ ಏನೂ ಮಾಡಿಲ್ಲ. ಒಂದಂಕಿ ತಿದ್ದಿಲ್ಲ, ಒಂದ್ ಹೆಸರು ಮ್ಯಾಲ ಎತ್ತಿಲ್ಲ. ತಪ್ಪು ತನ್ನಷ್ಟಕ್ಕ ತಾನ ಇತ್ತು. ನಾ ಮುಟ್ಟಲಿಲ್ಲ, ಅಷ್ಟ.”

“ಮರುವರ್ಷ ಯಾಕ ಮುಟ್ಟಲಿಲ್ಲ?”

“ಮುಟ್ಟಿದ್ರ ಹೋದ ವರ್ಷದ್ದ ಹೆಂಗಂತ ಕೇಳ್ತಿದ್ರು. ನಿನ್ನ ಹೆಸರು ಬರ್ತಿತ್ತು.” ಅವನ ದನಿ ಏರಿತು. “ನೀ ಎಮ್ಮಿ ಮೇದಂಗ ಅಂತ ನಕ್ಕಿಯಲ್ಲ, ಆವತ್ತ ಯಾಕ ಕೇಳಲಿಲ್ಲ ನೀ? ಕೇಳಿದ್ದಿ, ಒಮ್ಮೆ ಕೇಳಿ ಸುಮ್ಮನಾದಿ. ಈಗ ಬಂದು ನನ್ನ ಕಟಕಟಿ ಹತ್ತಸ್ತಿ. ಈ ವರ್ಷದಿಂದ ‘ಸರಿ’ ಹಾಕೂಣು. ಯಾರಿಗೂ ತಿಳಿಯೂದಿಲ್ಲ.”

“ಆಕಿ ಬುಡ ಸತ್ತೇತಿ. ಇವತ್ತ ಪರೀಕ್ಷೆ ಆತು.”

ಅವನು ತಟ್ಟೆಯನ್ನು ಪಕ್ಕಕ್ಕೆ ಸರಿಸಿದ.

“ಮೂರು ಬನ್ನಿ ಹಬ್ಬ ಆಕಿ ಮನಿಗೆ ಹೋಗಿ, ಆಕಿ ಕೈಯಾಗ ಬನ್ನಿ ಇಟ್ಟು, ಬಂಗಾರದಂಗ ಇರೂಣು ಅಂದು ಬಂದಿಯಲ್ಲ. ಹೆಂಗ ಬಾಯಿ ಬಂತು ನಿನಗ?”

“ಆಕಿಗೇನ್ ಕೇಳಿಸ್ತಿತ್ತೇನ?” ಎಂದ.

ಎಂದ ಮೇಲೆ ತನ್ನ ಬಾಯಿಯನ್ನು ತಾನೇ ಕೈಯಿಂದ ಮುಚ್ಚಿಕೊಂಡ. ನನ್ನನ್ನು ಹೆಗಲ ಮೇಲೆ ಹೊತ್ತು ಶಾಲೆಗೆ ಬಿಟ್ಟವನು, ಮೀಸೆ ಮೂಡದಾಗಿನಿಂದ ನನಗೆ ಗೊತ್ತಿದ್ದವನು. ಈ ಮಾತನ್ನು ಆಡಬಲ್ಲವನು ಅವನೊಳಗೆ ಎಲ್ಲಿದ್ದನೋ ನನಗೆ ಗೊತ್ತಿರಲಿಲ್ಲ. ಇದನ್ನು ಕೇಳಿಸಿಕೊಳ್ಳುವ ಕಿವಿಯನ್ನೂ ಅವನೇ ಕೊಡಿಸಿದ್ದ.

ಅವ್ವನ ಮನೆಗೆ ಹೋಗಿ ಮಲಗಿದೆ. ಅವ್ವ ಅವನ ಅಕ್ಕ. ಏನಾಯಿತೆಂದು ಕೇಳಿದಳು; ಗೋಡೆಯತ್ತ ತಿರುಗಿ ಹೊದಿಕೆ ಎಳೆದುಕೊಂಡೆ.

*

ಬೆಳಿಗ್ಗೆ ಕಚೇರಿ ತೆರೆದ ಕೂಡಲೇ ಮೂರೂ ವರ್ಷದ ಸರಿಯಾದ ಪಟ್ಟಿಗಳನ್ನು ಮುದ್ರಿಸಿ ವೈಜಯಂತಿಯವರ ಮೇಜಿನ ಮೇಲಿಟ್ಟೆ. ಒಂದು ಪ್ರತಿಯನ್ನು ಹೊರಗಿನ ಹಲಗೆಗೆ ಅಂಟಿಸಿದೆ. ಆಮೇಲೆ ಶೆಡ್ಡಿಗೆ ಹೋದೆ.

ಸೂಜಿಯಾದವರು ಒಳಗೆ ಬರಬಾರದೆಂದು ಬಾಗಿಲಲ್ಲೇ ಬರೆದಿದೆ. ಹೊಸ ರೋಮಗಳು ಹಳೆಯವಕ್ಕಿಂತ ಬೇಗ ಮುರಿಯುತ್ತವೆ. ಕಿವಿಗೆ ಏನೂ ಇಟ್ಟುಕೊಳ್ಳದೆ ಒಳಗೆ ಕಾಲಿಟ್ಟೆ. ಗದ್ದಲ ಕಪಾಳಕ್ಕೆ ಹೊಡೆದ ಹಾಗಾಯಿತು. ನಾನು ಇಷ್ಟು ವರ್ಷ ಇದರೊಳಗೆ ನಿಂತಿದ್ದೆನೇ? ಹಲ್ಲು ಅದುರಿದವು. ನನ್ನ ಹಳೆಯ ಮಗ್ಗದ ಮುಂದೆ ಈಗ ಯಾರೋ ಬೇರೆಯವಳು. ಅವಳ ಪಕ್ಕ ನಿಂತು, ಎದುರು ಮೂಲೆಯಲ್ಲಿದ್ದ ಮಹಾನಂದಾಳತ್ತ ಕೈಯೆತ್ತಿದೆ.

ಅವಳು ಹುಬ್ಬು ಹಾರಿಸಿದಳು. ಹುಚ್ಚಿ, ಹೊರಗ ಹೋಗು, ಎಂದಿತು ಅವಳ ಕೈ.

ಕಿವಿ ಹಾಲೆ ಮುಟ್ಟಿದೆ. ಅವಳತ್ತ ತೋರಿಸಿದೆ. ಎರಡೂ ಕೈಯೆತ್ತಿ ಎಲ್ಲಕ್ಕಿಂತ ಮೇಲೆ ಎಂದೆ. ಆಮೇಲೆ ಪಟ್ಟಿಯ ಗೆರೆ ಎಳೆದು, ಗೆರೆಯ ಕೆಳಗೆ ನನ್ನನ್ನು ಇಟ್ಟೆ. ಅವಳಿಗೆ ಅರ್ಥವಾಗಲಿಲ್ಲ. ಮತ್ತೆ ಹೇಳಿದೆ. ಹೆಗಲ ಮೇಲೆ ಟವೆಲ್ ಹಾಕಿಕೊಂಡಂತೆ ಮಾಡಿದೆ: ನನ್ನ ಗಂಡ. ಬೆರಳು ಬಾಗಿಸಿ ಅವಳ ಹಾಸಿನಿಂದ ಎಳೆ ಕಿತ್ತೆ, ನನ್ನ ಕಿವಿಗೆ ಪೋಣಿಸಿದೆ. ಕಣ್ಣಿಗೆ ಬೆರಳಿಟ್ಟೆ: ಗೊತ್ತಿದ್ದೂ.

ಕೈಮಾತಿನಲ್ಲಿ ಗುಟ್ಟಿಲ್ಲ. ಸಾಲಿನವರೆಲ್ಲ ನೋಡುತ್ತಿದ್ದರು.

ಮಹಾನಂದಾ ತನ್ನ ಮೊದಲ ಮಗ್ಗದ ಹಿಡಿ ಎಳೆದಳು. ಎರಡನೆಯದು. ಮೂರನೆಯದು. ಅವಳ ಎಡಗಡೆಯವಳು ತನ್ನದನ್ನು ನಿಲ್ಲಿಸಿದಳು, ಅವಳ ಹಿಂದಿನ ಗಂಡಸರೂ. ಶೆಡ್ಡಿನ ಆ ತುದಿಯವರೆಗೆ ಒಂದೊಂದೇ ಮಗ್ಗ ನಿಂತಿತು. ಕೊನೆಗೆ ತಗಡಿನ ಮೇಲೆ ಕಾಗೆ ನಡೆಯುವ ಸದ್ದು. ಅದು ಕೇಳಿಸಿದ್ದು ನನಗೊಬ್ಬಳಿಗೇ.

ಅವಳು ಬಂದು ನನ್ನ ಕಿವಿಯ ಹಾಲೆ ಹಿಡಿದಳು, ಮುತ್ತಿನ ತೂತು ಇನ್ನೂ ಇದ್ದ ಜಾಗದಲ್ಲಿ. ಬಟ್ಟೆಯ ದಪ್ಪ ನೋಡುವ ಹಾಗೆ ಎರಡು ಬೆರಳಿನಲ್ಲಿ ಹಿಸುಕಿದಳು. ನೋವಾಯಿತು. ಬಿಡಿಸಿಕೊಳ್ಳಲಿಲ್ಲ.

“ಇವು ನನ್ನವು,” ಎಂದಳು, ಹರಕು ತಗಡಿನ ದನಿಯಲ್ಲಿ.

ಹೌದೆಂದು ತಲೆಯಾಡಿಸಿದೆ.

ಹಿಂದೆ ಬಾಗಿಲಲ್ಲಿ ಚಪ್ಪಲಿಯ ಸದ್ದಾಯಿತು. ಓಡಿ ಬಂದ ಏದುಸಿರು. ಹಲಗೆಯ ಮೇಲಿನದನ್ನು ನೋಡಿಯೇ ಬಂದಿರಬೇಕು. “ದಾಕ್ಷಿ,” ಎಂದ. ಆಮೇಲೆ ಇನ್ನೂ ಮೆಲ್ಲಗೆ, ನಾನು ಸಣ್ಣವಳಿದ್ದಾಗ ಕರೆಯುತ್ತಿದ್ದ ಹಾಗೆ, “ದಾಕ್ಷವ್ವಾ.”

ಮಹಾನಂದಾ ನನ್ನ ಹೆಗಲ ಮೇಲಿಂದ ಬಾಗಿಲತ್ತ ನೋಡಿದಳು. ಅವನ ತುಟಿ ಓದಿದಳು. ಕಿವಿ ಬಿಟ್ಟು, ಕೈಯಲ್ಲಿ ಕೇಳಿದಳು: ಕರಿಯಾಕತ್ತಾನ, ಕೇಳಸ್ತೈತೇನ?

ಇಲ್ಲ ಎಂದೆ, ಕೈಯಲ್ಲಿ.